ದೊಡ್ಡರಂಗಪ್ಪನ ಪಾಟೀಸವಾಲು

ದೊಡ್ಡರಂಗಪ್ಪ ಮಧುಗಿರಿಯ ಅಕ್ಕನ ಮನೆಯಲ್ಲಿ ಊಟ ಬಿಟ್ಟನೆಂಬ ಸುದ್ದಿ ಅವನಿಗಿಂತ ಮೊದಲೇ ಬಸ್ಸು ಹತ್ತಿ ಅವನ ಊರು ಮಿಡಿಗೇಶಿ ಸೇರಿತ್ತು. ಊಟ ಬಿಡುವ ಆಸಾಮಿಯೇ ಅಲ್ಲ ಅವನು. ಕೋರ್ಟಿನ ವಾಯಿದೆ ಇದ್ದ ದಿನ ಮೊದಲ ಬಸ್ಸಿಗೆ ಬಂದಿಳಿದು, ಅಕ್ಕ ಲಕ್ಕಮ್ಮ ಇಕ್ಕಿದ ಎರಡು ಮುದ್ದೆ ಇಳಿಸಿ, ಆಮೇಲೆಯೇ ನ್ಯಾಯ ಕೇಳಲು ಹೊರಡುತ್ತಿದ್ದವನು. ಅಂಥವನು ಇಟ್ಟ ತಟ್ಟೆಯ ಮುಂದಿನಿಂದ ಎದ್ದುಹೋದ ಎಂದರೆ ನಂಬುವುದಕ್ಕೆ ಊರಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಅವನ ವಕೀಲ ಬೇರೆ ಯಾರೂ ಅಲ್ಲ, ಲಕ್ಕಮ್ಮನ ಮಗ ಜಯರಾಮಯ್ಯ. ಚಿಕ್ಕಂದಿನಲ್ಲೇ ತಂದೆ ಸತ್ತ ಆ ಹುಡುಗನನ್ನು ಓದಿಸಿದವನು ಸೋದರಮಾವ ದೊಡ್ಡರಂಗಪ್ಪನೇ. ತುಮಕೂರಿನ ಹಾಸ್ಟೆಲ್ಲಿಗೆ ರಾಗಿ ಮೂಟೆಯನ್ನು ಹೆಗಲ ಮೇಲೆ ಹೊತ್ತು ತಲುಪಿಸಿದವನು. ಆ ಅಳಿಯ ಕರಿಕೋಟು ತೊಟ್ಟು ಮಧುಗಿರಿ ಕೋರ್ಟಿನಲ್ಲಿ ನಿಂತ ದಿನ ರಂಗಪ್ಪ ಬಾಗಿಲ ಹೊರಗೆ ನಿಂತು ಅತ್ತಿದ್ದ. ತನಗೂ ಒಂದು ದಾವೆ ಬಂದಾಗ ಅವನಿಗೆ ಒಳಗೊಳಗೇ ಸಂತೋಷವೇ ಆಗಿತ್ತೆಂದರೆ ಸುಳ್ಳಲ್ಲ.

ದಾವೆ ಕಾಲುವೆಯದು. ರಂಗಪ್ಪನಿಗೂ ಪಕ್ಕದ ಹೊಲದ ಕದರಪ್ಪನಿಗೂ ಪಾಲಿನಲ್ಲಿ ಇದ್ದದ್ದು ಒಂದೇ ಬಾವಿ. ಬಾವಿ ಕದರಪ್ಪನ ಕಡೆ ಇತ್ತು. ನೀರು ಅವನ ಹೊಲದ ಅಂಚು ಹಾದು ರಂಗಪ್ಪನ ಕಡೆಗೆ ಬರಬೇಕು. ಎಪ್ಪತ್ತೇಳರ ಸುಗ್ಗಿ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಕಾಲುವೆಯ ಏರಿ ಒಡೆದು ಕೆಸರಾಗಿ ಬಿದ್ದಿತ್ತು. ಕದರಪ್ಪನೇ ಗುದ್ದಲಿ ಹಾಕಿದ ಎಂದು ರಂಗಪ್ಪ ಊರೆಲ್ಲ ಸಾರಿದ. ಕದರಪ್ಪ ಉರಿದುಬಿದ್ದು ಅದರ ಮೇಲೇ ನೇಗಿಲು ಹೊಡೆದು ಹುರುಳಿ ಚೆಲ್ಲಿದ. ಅಲ್ಲಿಗೆ ನೀರೂ ನಿಂತಿತು, ಮಾತೂ ನಿಂತಿತು.

ಕದರಪ್ಪನ ಪರವಾಗಿ ನಿಂತವರು ಪಾವಗಡ ಕಡೆಯಿಂದ ಬಂದು ಮಧುಗಿರಿಯಲ್ಲೇ ನೆಲೆಸಿದ್ದ ಹಿರಿಯ ವಕೀಲ ಚೌಡಯ್ಯ. ಅವರು ಪಾಟೀಸವಾಲಿಗೆ ಎದ್ದರೆ ಸಾಕ್ಷಿಯ ಏಳು ತಲೆಮಾರಿನ ಗುಟ್ಟು ಹೊರಗೆ ಬರುತ್ತದೆ ಎಂದು ಪ್ರತೀತಿ. ರಂಗಪ್ಪ ತನ್ನ ಸಾಕ್ಷಿ ಹೇಳಿಯಾಗಿತ್ತು. ಊಟ ಬಿಟ್ಟ ಆ ದಿನ ಚೌಡಯ್ಯನವರ ಸವಾಲು. ರಂಗಪ್ಪ ಹರಕೆ ಹೊರದ ದೇವರಿರಲಿಲ್ಲ.

ದೇವರು ಕೇಳಿಸಿಕೊಂಡನೋ ಎಂಬಂತೆ ಕೇಸು ಕೂಗಿದಾಗ ಚೌಡಯ್ಯನವರ ಕುರ್ಚಿ ಖಾಲಿ. ಮುನ್ಸೀಫರು ಬೇಸರದಿಂದ ತಲೆ ಎತ್ತಿದರು.

"ಹೋದ ಸಲವೂ ಮುಂದಕ್ಕೆ ಹೋಯಿತು. ಪಾಟೀಸವಾಲು ಇಲ್ಲ ಎಂದು ಬರೆದುಕೊಂಡುಬಿಡಲೇ?"

ರಂಗಪ್ಪನ ಎದೆ ಹಗುರಾಯಿತು. ಆಗ ಜಯರಾಮಯ್ಯ ಎದ್ದು ನಿಂತ.

"ಸ್ವಾಮಿ, ನಮ್ಮ ಹಿರಿಯ ಮಿತ್ರರ ಶ್ರೀಮತಿಯವರು ಬೆಳಿಗ್ಗೆ ಹಿತ್ತಲಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ದಯವಿಟ್ಟು ಇನ್ನೊಂದು ದಿನ ಕೊಡಬೇಕು."

"ನೀವು ವಾದಿಯ ವಕೀಲರಲ್ಲವೇ?"

"ಹೌದು ಸ್ವಾಮಿ."

"ನಿಮ್ಮ ಕಕ್ಷಿದಾರನನ್ನು ಸವಾಲು ಮಾಡಲಿ ಎಂದು ನೀವೇ ಕೇಳುತ್ತಿದ್ದೀರಿ."

"ಕೇಳುತ್ತಿದ್ದೇನೆ ಸ್ವಾಮಿ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮುನ್ಸೀಫರು ನಗಲಿಲ್ಲ. ಮುಂದಿನ ತಿಂಗಳಿಗೆ ದಿನ ಕೊಟ್ಟು ಜಯರಾಮಯ್ಯನ ಕಡೆ ಒಮ್ಮೆ ತಲೆ ಬಾಗಿಸಿದರು.

ಮಧ್ಯಾಹ್ನ ಮನೆಯಲ್ಲಿ ಜಯರಾಮಯ್ಯನ ಹೆಂಡತಿ ಸರೋಜಮ್ಮ ತಟ್ಟೆ ಇಟ್ಟು, ಹುರುಳಿಕಟ್ಟಿನ ಸಾರು ಬಡಿಸುವಷ್ಟರಲ್ಲಿ ರಂಗಪ್ಪನ ಬಾಯಿ ಒಡೆಯಿತು.

"ಅಕ್ಕಾ, ನಿನ್ ಮಗ ಏನ್ ಮಾಡವ್ನೆ ಗೊತ್ತೇನೆ? ನನ್ನ ಹುರಿದು ತಿನ್ನಾಕೆ ಬಾರಪ್ಪ ಅಂತ ಆ ಚೌಡಯ್ಯಂಗೆ ದಿನ ಗೊತ್ತು ಮಾಡ್ಕೊಟ್ಟವ್ನೆ!"

ಲಕ್ಕಮ್ಮ ಸೌಟು ಕೆಳಗಿಟ್ಟಳು. "ಏನ್ಲಾ ಜಯರಾಮ ಇದು?"

"ಅವ್ರ ಮನೇಲಿ ಆಪತ್ತು ಕಣಮ್ಮ. ಅವ್ರಿಲ್ದಿದ್ದಾಗ ಕೇಸು ಮುಗಿಸ್ಕೊಳ್ಳೋದು ನಮ್ಮಲ್ಲಿಲ್ಲ."

"ನಮ್ಮಲ್ಲಿ ಅಂದ್ರೆ ಯಾರ್ಲಾ?" ರಂಗಪ್ಪ ನಡುವೆ ಬಾಯಿ ಹಾಕಿದ. "ನಾವು ನಿಮ್ಮೋರೋ, ಆ ಕರೀಕೋಟಿನೋರು ನಿಮ್ಮೋರೋ?"

"ಮಾವ, ಕೇಸು ನಿಂದು. ಅದ್ರಾಗೆ ಒಂದಕ್ಷರ ನಾನು ಬಿಟ್ಟುಕೊಡಲ್ಲ. ನಡತೆ ಮಾತ್ರ ನಂದು. ಅದ್ನ ನೀನು ಕೇಳಿದ್ರೂ ಕೊಡಾಕಾಗಲ್ಲ."

"ಮಡಿಕ್ಕೊ ನಿನ್ ನಡತೇನ! ಹಾಸ್ಟೆಲ್ಲಿಗೆ ರಾಗಿ ಹೊತ್ನಲ್ಲ, ಆವಾಗ ನಿಂಗೆ ನಡತೆ ಇರ್ಲಿಲ್ಲ, ಬರೀ ಹೊಟ್ಟೆ ಇತ್ತು!"

ಹೀಗೆಂದು ರಂಗಪ್ಪ ಎದ್ದೇಬಿಟ್ಟ. ಜಯರಾಮಯ್ಯ ತಡೆಯಲು ಹೋಗಲಿಲ್ಲ. ಮುಖ ಕೆಂಪಾಗಿತ್ತು.

ರಂಗಪ್ಪ ಎದ್ದದ್ದಕ್ಕೆ ಸಿಟ್ಟೊಂದೇ ಕಾರಣವಲ್ಲ, ಭಯವೂ ಇತ್ತು. ದಾವೆ ಹಾಕಿದ ಮೇಲೆ ಒಂದು ದಿನ ಕುರಿ ಕಾಯುವ ಕ್ಯಾತಣ್ಣ ಅವನ ಕಿವಿಯಲ್ಲಿ ಹೇಳಿದ್ದ: "ಕಾಲ್ವೆ ಒಡ್ದಿದ್ದು ಕದರಪ್ಪ ಅಲ್ಲ ಗೌಡ್ರೆ. ನಿಮ್ಮ ಎತ್ತುಗಳೇ ಹಗ್ಗ ಕಿತ್ಕೊಂಡು ಬಂದು ಏರಿ ತುಳಿದಾಕಿದ್ವು. ನಾನು ಕಣ್ಣಾರೆ ಕಂಡಿವ್ನಿ." ರಂಗಪ್ಪ ಅವನ ಬಾಯಿ ಮುಚ್ಚಿಸಿದ. ಊರೆಲ್ಲ ಸಾರಿಯಾದ ಮಾತನ್ನು ಹಿಂದಕ್ಕೆ ತಗೊಳ್ಳುವುದು ಹೇಗೆ? ಅಳಿಯನಿಗೂ ಹೇಳಲಿಲ್ಲ. ದೇವರ ಮೇಲೆ ಪ್ರಮಾಣ ಮಾಡಿ, ಕದರಪ್ಪ ಗುದ್ದಲಿ ಹಾಕಿದ್ದು ಕಂಡೆ ಎಂದು ಕೋರ್ಟಿನಲ್ಲಿ ಹೇಳಿಬಂದಿದ್ದ. ಸುಳ್ಳು ಸಾಕ್ಷಿಗೆ ಜೈಲು ಎಂದು ಯಾರೋ ಅಂದದ್ದು ಆಮೇಲೆ ಅವನ ತಲೆಯಿಂದ ಇಳಿದಿರಲಿಲ್ಲ.

ಇತ್ತ ಮಧುಗಿರಿಯ ಮನೆಯಲ್ಲಿ ಲಕ್ಕಮ್ಮ ಮರುದಿನವೇ ಹಿತ್ತಲ ನುಗ್ಗೆಮರದ ಕೆಳಗೆ ಮೂರು ಕಲ್ಲು ಹೂಡಿದಳು.

"ಅತ್ತೆ, ಇದೇನು ಮಾಡ್ತಿದೀರಿ?" ಎಂದಳು ಸರೋಜಮ್ಮ.

"ನನ್ ತಮ್ಮ ಉಣ್ಣದ ಒಲೇಲಿ ನಂಗೂ ಬ್ಯಾಡ ಕಣಮ್ಮ. ಒಂದು ಮುದ್ದೆ, ಒಂದು ಹಸಿಮೆಣಸಿನಕಾಯಿ, ಒಂದು ಹರಳುಪ್ಪು. ನಂಗೆ ಅಷ್ಟು ಸಾಕು."

"ಬೀದಿಯೋರು ಏನಂತಾರೆ ಗೊತ್ತಾ? ಸೊಸೆ ಅನ್ನ ಹಾಕ್ಲಿಲ್ಲ ಅಂತಾರೆ."

"ಅಂದ್ರೆ ಅನ್ಲಿ. ನಿನ್ ಗಂಡ ಕೋರ್ಟಾಗೆ ಮಾಡಿದ್ದೂ ನಾಕು ಜನ ಅಂದ್ರು. ಅವ್ನಿಗೇನಾದ್ರೂ ಅನ್ನಿಸ್ತಾ?"

ಆ ಹೊಗೆ ಪಕ್ಕದ ಮನೆಯವರ ಕಣ್ಣಿಗೂ ಬಿತ್ತು. ಸರೋಜಮ್ಮ ಗಂಡನ ಮೇಲೆ ಹರಿಹಾಯ್ದಳು. "ನೀವು ಕೋರ್ಟಲ್ಲಿ ದೊಡ್ಡೋರಾದ್ರಿ, ನಾನು ಬೀದೀಲಿ ಕೆಟ್ಟೋಳಾದೆ. ಒಂದು ಮಾತು ಅಮ್ಮನ್ನ ಕರೀರಿ."

"ದಿನಾ ಕರೀತಿದೀನಿ. ಮಾವನಿಗೆ ತಪ್ಪಾಯ್ತು ಅನ್ನು, ಬರ್ತೀನಿ ಅಂತಾಳೆ. ತಪ್ಪು ಮಾಡಿಲ್ವಲ್ಲ ಸರೋಜ?"

ಸರೋಜಮ್ಮ ಗೊಣಗಿಕೊಂಡೇ ಒಳಗೆ ಹೋದಳು. ಅದೇ ಸರೋಜಮ್ಮ ಎರಡು ದಿನ ಬಿಟ್ಟು ಮಗಳು ಯಶೋದಳ ಕೈಗೆ ಊಟದ ಕ್ಯಾರಿಯರ್ ಕೊಟ್ಟು ಚೌಡಯ್ಯನವರ ಮನೆಗೆ ಕಳಿಸಿದಳು. ಅವರ ಹೆಂಡತಿ ಕೊಲ್ಲಾಪುರಮ್ಮ ಕಾಲಿಗೆ ಪಟ್ಟಿ ಹಾಕಿಸಿಕೊಂಡು ತುಮಕೂರಿನಿಂದ ಬಂದು ಮಂಚ ಹಿಡಿದಿದ್ದರು. ಮಕ್ಕಳಿಲ್ಲದ ಮನೆ. ಒಲೆ ಹಚ್ಚುವವರಿರಲಿಲ್ಲ.

ಕಾಲೇಜಿನ ದಾರಿಯಲ್ಲಿ ಕೊಟ್ಟು ಹೋಗೋಣವೆಂದು ಯಶೋದ ಹಿತ್ತಲ ಬಾಗಿಲಿನಿಂದ ಜಾರುವಾಗ ಅಜ್ಜಿಯ ಕೈಗೆ ಸಿಕ್ಕಿಬಿದ್ದಳು.

"ಯಾರ್ಗೆ ಅದು ಬುತ್ತಿ?"

"ಕೊಲ್ಲಾಪುರಮ್ಮಜ್ಜಿಗೆ."

"ಅಯ್ಯಯ್ಯೋ! ನನ್ ತಮ್ಮ ಹಸ್ಕೊಂಡು ಎದ್ದೋದ ಮನೆಯಿಂದ ಎದುರಾಳಿ ಮನೆಗೆ ಅವರೆಕಾಳು ಸಾರು ಹೋಗ್ತೈತಲ್ಲಪ್ಪೋ!"

"ಆ ಅಜ್ಜಿ ಯಾರ್ ಮೇಲೂ ದಾವೆ ಹಾಕಿಲ್ಲ ಕಣಜ್ಜಿ. ಕಾಲು ಮುರ್ಕೊಂಡವ್ರೆ ಅಷ್ಟೆ."

"ಲಾಯರಿ ಮಗಳು ಲಾಯರಿ ಅಂಗೇ ಮಾತಾಡ್ತೀಯ ಬುಡು."

ಇಷ್ಟಾದರೂ ಅವಳು ಕ್ಯಾರಿಯರ್ ಕಿತ್ತುಕೊಳ್ಳಲಿಲ್ಲ. ಮೂರು ಕಲ್ಲಿನ ಮುಂದೆ ಕೂತು ಬೆಂಕಿ ಊದತೊಡಗಿದಳು.

ರಂಗಪ್ಪ ಸುಮ್ಮನೆ ಕೂರಲಿಲ್ಲ. ಕೇಸನ್ನೇ ಬೇರೆ ವಕೀಲರಿಗೆ ಕೊಡುವೆನೆಂದು ಮಧುಗಿರಿಯ ನರಸಪ್ಪ ವಕೀಲರ ಮೆಟ್ಟಿಲು ಹತ್ತಿದ. ಅವರು ಎಲ್ಲ ಕೇಳಿ, "ಮೊದಲು ಜಯರಾಮಯ್ಯನವರ ಒಪ್ಪಿಗೆ ಬರೆಸಿಕೊಂಡು ಬನ್ನಿ. ಅವರ ಕೈಯಲ್ಲಿರೋ ಕೇಸಿಗೆ ನಾನು ಕೈ ಹಾಕೋದಿಲ್ಲ" ಎಂದರು.

ರಂಗಪ್ಪ ಅಲ್ಲಿಂದಲೇ ಅಳಿಯನ ಮನೆಗೆ ಬಂದು, ಒಳಗೆ ಕಾಲಿಡದೆ, ಜಗುಲಿಯಿಂದಲೇ ಕೇಳಿದ. ಜಯರಾಮಯ್ಯ ಅಲ್ಲೇ ಬರೆದು ರುಜು ಹಾಕಿ ಕೊಟ್ಟ.

ಹಿತ್ತಲಿನಿಂದ ಓಡಿಬಂದ ಲಕ್ಕಮ್ಮನಿಗೆ ಇದನ್ನು ಸಹಿಸಲಾಗಲಿಲ್ಲ. "ಲೇ ಜಯರಾಮ, ಕೇಳಿದ ತಕ್ಷಣ ಕೊಟ್ಬುಟ್ಟೇನ್ಲಾ? ಬ್ಯಾಡ ಮಾವ ಅಂತ ಒಂದು ಮಾತು ಅನ್ನಾಕಾಗ್ಲಿಲ್ವಾ?"

"ಮಾವನಿಗೆ ನಂಬಿಕೆ ಹೋದ ಮ್ಯಾಲೆ ಕೇಸು ಹಿಡ್ಕೊಂಡು ಕೂತ್ಕೊಳ್ಳೋದು ಸರಿಯಲ್ಲ ಕಣಮ್ಮ. ಮಾವ, ನರಸಪ್ಪನೋರು ಒಳ್ಳೇ ವಕೀಲ್ರು. ಏನೇನು ಕೇಳ್ಬೇಕು ಅಂತ ನಾನೇ ಅವ್ರಿಗೆ ಹೇಳ್ಕೊಡ್ತೀನಿ."

ಹೇಳುವಾಗ ಅವನ ದನಿ ಒಂದಿಷ್ಟು ಒಡೆಯಿತು. ರಂಗಪ್ಪನಿಗೂ ಅದು ಕೇಳಿಸಿತು. ಕೇಳಿಸದವನಂತೆ ಹೊರಟ.

ಕಾಗದ ನೋಡಿ ನರಸಪ್ಪ ವಕೀಲರು ನಿಜವಾಗಿ ಬೆಪ್ಪಾದರು. "ಕೇಸು ತಗೋತೀನಿ ರಂಗಪ್ಪನವರೇ. ಆದರೆ ಒಂದು ಹೇಳಿಬಿಡ್ತೀನಿ. ಆವತ್ತು ಆ ಜಾಗದಲ್ಲಿ ನಾನಿದ್ದಿದ್ದರೂ ಎದ್ದು ನಿಂತು ದಿನ ಕೇಳ್ತಿದ್ದೆ. ಇಲ್ಲಿ ಯಾರನ್ನ ಹಿಡಿದರೂ ನಿಮಗೆ ಅದೇ ಆಗೋದು."

ಎಲ್ಲ ಒಂದೇ ಕೊಟ್ಟಿಗೆಯ ಕರುಗಳು! ಕಾಗದವನ್ನು ಹರಿದು ಮೋರಿಗೆಸೆದು ರಂಗಪ್ಪ ಉರಿಯುತ್ತ ಬೀದಿಗಿಳಿದ. ಆ ಉರಿಯಲ್ಲೇ, ಬುದ್ಧಿ ಇರುವ ಯಾವ ಕಕ್ಷಿದಾರನೂ ಮಾಡದ ಕೆಲಸ ಮಾಡಿದ. ನೇರ ಎದುರಾಳಿ ವಕೀಲ ಚೌಡಯ್ಯನವರ ಮನೆಗೇ ನುಗ್ಗಿದ.

ಅಲ್ಲಿ ಕಂಡದ್ದು ಅವನು ನೆನೆಸಿದ ನೋಟವಲ್ಲ. ಕೋರ್ಟಿನ ಹುಲಿ ಪಂಚೆ ಮೇಲೆ ಕಟ್ಟಿ ಬಚ್ಚಲ ಬಳಿ ಕುಕ್ಕರಗಾಲಲ್ಲಿ ಕೂತು ಪಾತ್ರೆ ಬೆಳಗುತ್ತಿತ್ತು. ಬೆಳಗುತ್ತಿದ್ದದ್ದು ಅಕ್ಕನ ಮನೆಯ ಹಿತ್ತಾಳೆ ಕ್ಯಾರಿಯರ್. ಅದನ್ನು ಕಂಡದ್ದೇ ರಂಗಪ್ಪನ ತಲೆ ತಿರುಗಿತು.

"ಓಹೋ! ಊಟ ಬ್ಯಾರೆ ಬತ್ತೈತೋ ಇಲ್ಲಿಗೆ! ಇಬ್ರೂ ಸೇರ್ಕೊಂಡೇ ನನ್ನ ಮುಗಿಸ್ತಿದೀರಲ್ವಾ? ಎಲ್ಲಾ ಅವ್ನೇ ಹೇಳವ್ನೆ ಅನ್ನು. ಆ ಕ್ಯಾತಣ್ಣ ಅವ್ನ ಕಿವೀಗೂ ಊದಿರ್ತಾನೆ, ಎತ್ತಿನ ಇಚಾರಾನೂ ಹೇಳವ್ನೆ! ಹೌದು ಸ್ವಾಮಿ, ನನ್ನ ಎತ್ತುಗಳೇ ತುಳಿದಿದ್ದು, ಕದರಪ್ಪ ಗುದ್ಲಿ..."

"ಏಮಯ್ಯಾ, ನಿಲ್ಲಿಸು!" ಚೌಡಯ್ಯನವರು ಬೂದಿ ಮೆತ್ತಿದ ಕೈಯನ್ನೇ ಮೇಲೆತ್ತಿದರು. ಆ ದನಿಗೆ ರಂಗಪ್ಪ ಗಕ್ಕನೆ ನಿಂತ. "ನೀನು ಜಯರಾಮಯ್ಯನವರ ಕಕ್ಷಿದಾರ. ಅವರು ಪಕ್ಕದಲ್ಲಿಲ್ಲದೆ ನಿನ್ನ ಜೊತೆ ಕೇಸಿನ ವಿಚಾರ ಒಂದು ಮಾತೂ ನಾನಾಡಬಾರದು, ಕೇಳಲೂಬಾರದು. ಈಗ ಅಂದದ್ದನ್ನ ಹೋಗಿ ಅವರಿಗೆ ಹೇಳು. ನಿನ್ನ ಅಳಿಯ ನನಗೆ ಏನೂ ಹೇಳಿಲ್ಲ. ಸಾರು ಚೆನ್ನಾಗಿತ್ತು, ಅಷ್ಟೇ ನಮಗಿಬ್ಬರಿಗೂ ಇರೋ ಒಳಸಂಚು."

ಒಳಗಿನಿಂದ ಕೊಲ್ಲಾಪುರಮ್ಮನ ಕ್ಷೀಣವಾದ ದನಿ ಬಂತು. "ಯಾರು ಬಂದಿದ್ದು? ಬಿಸಿಲಲ್ಲಿ ಬಂದವರಿಗೆ ಮಜ್ಜಿಗೆನಾದರೂ ಕೊಡಿ."

ಚೌಡಯ್ಯನವರು ಕೈ ತೊಳೆದು ತಾವೇ ಮಜ್ಜಿಗೆ ತಂದುಕೊಟ್ಟರು. ರಂಗಪ್ಪ ಕುಡಿದ. ಏನು ಕುಡಿದೆನೆಂಬ ಅರಿವೇ ಅವನಿಗಿರಲಿಲ್ಲ. ಬೀದಿಗೆ ಬಂದ ಮೇಲಷ್ಟೇ ತಾನು ಏನು ಮಾಡಿದೆ ಎಂಬುದು ಹೊಳೆಯಿತು. ಅಕ್ಕನ ಮನೆಯ ಹಿತ್ತಲಿಗೆ ಓಡಿದ.

ಅಕ್ಕನ ಮುಂದೆ, ನುಗ್ಗೆಮರದ ಕೆಳಗೆ, ಎಲ್ಲ ಕಕ್ಕಿದ. ಲಕ್ಕಮ್ಮ ತಲೆ ಚಚ್ಚಿಕೊಂಡಳು.

"ಅಲ್ಲ ಕಣ್ಲಾ ರಂಗ, ನಿನ್ ಕೈಯಾರ ದೊಣ್ಣೆ ಮಾಡಿ ಅವ್ನ ಕೈಗೆ ಕೊಟ್ಬಂದಲ್ಲೋ! ಸುಳ್ಳು ಬ್ಯಾರೆ ಹೇಳಿದೀಯ, ಪ್ರಮಾಣ ಮಾಡಿ!"

"ಜೈಲಿಗೆ ಹಾಕ್ತಾರಂತೆ ಅಕ್ಕ."

"ಜಯರಾಮಂಗೆ ಹೇಳು."

"ಯಾವ ಮೊಕ ಇಟ್ಕೊಂಡು ಹೇಳ್ಲಿ? ರಾಗಿ ಹೊತ್ತಿದ್ದನ್ನ ಎತ್ತಿ ಆಡ್ಬುಟ್ಟೆ ಅವ್ನ ಮ್ಯಾಲೆ."

ಆ ಸಂಜೆ ಎಷ್ಟೋ ದಿನದ ಮೇಲೆ ಲಕ್ಕಮ್ಮ ತಾನಾಗಿ ಮಗನನ್ನು ಮಾತಾಡಿಸಿದಳು.

"ಜಯರಾಮ, ಇನ್ನೊಂದ್ಕಿತ ಮುಂದಕ್ಕೆ ಹಾಕ್ಸಾಕಾಗಲ್ವೇನ್ಲಾ ಕೇಸ್ನ?"

ಜಯರಾಮಯ್ಯ ಕಣ್ಣು ಬಿಟ್ಟ. ಯಶೋದ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ದಿನ ಕೇಳಿದ್ದಕ್ಕೆ ಒಲೆ ಬೇರೆ ಮಾಡಿದ ತಾಯಿ ಈಗ ದಿನ ಕೇಳು ಎನ್ನುತ್ತಿದ್ದಳು.

"ಯಾಕಮ್ಮ?"

"ಸುಮ್ಕೆ. ನಂಗೆ ಮೈ ಸರಿಯಿಲ್ಲ ಅಂತ ಹೇಳು."

"ಮೈ ಸರಿಯಿಲ್ದಿದ್ರೆ ಹೇಳ್ತಿದ್ದೆ. ಇಲ್ಲದ್ದನ್ನ ಹೆಂಗಮ್ಮ ಹೇಳ್ಲಿ?"

ಲಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ತಮ್ಮನ ಗುಟ್ಟನ್ನು ಹೇಳಲು ಬಾಯಿ ಬರಲಿಲ್ಲ, ಮಗನನ್ನು ಬೈಯಲೂ ಬರಲಿಲ್ಲ.

ವಾಯಿದೆಯ ದಿನ ಅವಳೂ ತಮ್ಮನ ಜೊತೆ ಕೋರ್ಟಿಗೆ ಬಂದಳು, ಹುಟ್ಟಿದ ಮೇಲೆ ಮೊದಲ ಸಲ. ಜಯರಾಮಯ್ಯ ಮಾವನ ಪಕ್ಕದಲ್ಲಿ ಬಂದು ನಿಂತು, "ಹೆದರ್ಕೋಬೇಡ ಮಾವ. ಕೇಳಿದ್ದಕ್ಕೆ ಇದ್ದದ್ದು ಹೇಳು, ಸಾಕು" ಎಂದ. ಹರಿದೆಸೆದ ಕಾಗದದ ಮಾತು ಇಬ್ಬರೂ ಎತ್ತಲಿಲ್ಲ.

ರಂಗಪ್ಪ ಸಾಕ್ಷಿ ಕಟ್ಟೆ ಹತ್ತಿದ. ಚೌಡಯ್ಯನವರು ಎದ್ದರು. ಅಬ್ಬ, ಅದೇನು ಸವಾಲು! ಬಾವಿ ತೋಡಿಸಿದ ಅಜ್ಜ ಯಾರು, ಪಾಲು ಎಷ್ಟು, ನೀರೆತ್ತುವ ಕಪಿಲೆ ಯಾವ ದಿನ ಯಾರದು, ಕಾಲುವೆ ಎಷ್ಟು ಅಗಲ, ಪಂಪು ಬಂದಮೇಲೆ ಸರದಿ ಹೇಗೆ. ಬೆವರು ಕಿತ್ತುಬಂತು. ಆದರೆ ಒಂದು ಮಾತೂ ಒರಟಾಗಿರಲಿಲ್ಲ. "ರಂಗಪ್ಪನವರೇ" ಎಂದೇ ಕೇಳಿದರು. ಒಮ್ಮೆ ಅವನ ಗಂಟಲು ಒಣಗಿದ್ದು ಕಂಡು, ನೀರು ಕೊಡಿ ಎಂದು ತಾವೇ ಜವಾನನಿಗೆ ಹೇಳಿದರು. ಎತ್ತಿನ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ರಂಗಪ್ಪ ಕಟಕಟೆಯ ಮರವನ್ನು ಬಿಗಿಯಾಗಿ ಹಿಡಿದು ನಿಂತಿದ್ದ. ಅದು ಬರಲೇ ಇಲ್ಲ. ಎತ್ತು, ಹಗ್ಗ, ಕ್ಯಾತಣ್ಣ, ಯಾವುದೂ ಇಲ್ಲ.

ಕದರಪ್ಪ ಹಿಂದಿನಿಂದ ಅವರ ಗೌನು ಎಳೆದು, "ಸ್ವಾಮಿ, ಕಾಲ್ವೆ ಒಡ್ದಿದ್ದು ಬಿಡಬ್ಯಾಡಿ" ಎಂದು ಪಿಸುಗುಟ್ಟಿದ.

ಚೌಡಯ್ಯನವರು ತಲೆಯಾಡಿಸಿದರು. ಅದು ಅವರ ಕಕ್ಷಿದಾರ ಮೊದಲ ದಿನದಿಂದ ಹೇಳುತ್ತ ಬಂದ ಮಾತು. ಕೇಳದಿದ್ದರೆ ಅವನಿಗೆ ದ್ರೋಹ. ಹಿಂದಿಲ್ಲ ಮುಂದಿಲ್ಲದೆ ಒಂದೇ ಒಂದು ಪ್ರಶ್ನೆ ಇಟ್ಟರು.

"ಕಾಲುವೆಯನ್ನು ಕದರಪ್ಪ ಒಡೆಯಲಿಲ್ಲ ಅಂದರೆ, ನಿಜವೋ ಸುಳ್ಳೋ?"

ಕಣ್ಣಿನಲ್ಲಿ ಕೂಡ ಅವನನ್ನು ಚುಚ್ಚಲಿಲ್ಲ. ಕೈಯಲ್ಲಿದ್ದ ಕಾಗದ ನೋಡುತ್ತಿದ್ದರು. ಸುಳ್ಳು ಎಂದು ಒಂದು ಮಾತು ಅಂದರೆ ರಂಗಪ್ಪ ಕಟ್ಟೆ ಇಳಿಯಬಹುದಿತ್ತು. ದಿನಕ್ಕೆ ಹತ್ತು ಸಾಕ್ಷಿಗಳು ಹಾಗೇ ಅಂದು ಇಳಿಯುತ್ತಾರೆ. ರಂಗಪ್ಪ ಅವರನ್ನು ನೋಡಿದ. ತನ್ನ ಅಳಿಯನನ್ನು ನೋಡಿದ. ಒಬ್ಬ ಗೆಲ್ಲಬಹುದಾಗಿದ್ದಾಗ ಗೆಲ್ಲಲಿಲ್ಲ, ಇನ್ನೊಬ್ಬ ಕೊಲ್ಲಬಹುದಾಗಿದ್ದಾಗ ಕೊಲ್ಲುತ್ತಿಲ್ಲ. ನಡುವೆ ತಾನೊಬ್ಬನೇ ಸಣ್ಣವನಾಗಿ ನಿಂತಂತೆ ಅವನಿಗೆ ಅನ್ನಿಸಿತು, ನಾಚಿಕೆಯಾಯಿತು.

"ನಿಜ ಸ್ವಾಮಿ," ಎಂದ.

ಮುನ್ಸೀಫರ ಪೆನ್ನು ನಿಂತಿತು. "ಏನಂದೆ?"

"ಕದರಪ್ಪ ಒಡೀಲಿಲ್ಲ. ನನ್ನ ಎತ್ತುಗಳು ತುಳಿದಾಕಿದ್ವು. ನಾನು ಕಂಡೆ ಅಂತ ಹೇಳಿದ್ದು ಸುಳ್ಳು."

"ಹೀಗೆ ಹೇಳಿದರೆ ನಿನಗೇನಾಗಬಹುದು ಗೊತ್ತೇನಪ್ಪ?"

"ಗೊತ್ತೈತೆ ಸ್ವಾಮಿ. ನಮ್ಮ ವಕೀಲ್ರಿಗೆ ಇದು ಗೊತ್ತಿರ್ಲಿಲ್ಲ. ಅದ್ನೂ ಬರ್ಕೊಳ್ಳಿ."

ಜಯರಾಮಯ್ಯ ಎದ್ದು ನಿಂತಿದ್ದ. ಮುಖ ಬಿಳಿಚಿತ್ತು, ಆದರೂ ತಲೆ ತಗ್ಗಿಸಿರಲಿಲ್ಲ. "ಸಾಕ್ಷಿ ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಬೇಕು ಸ್ವಾಮಿ" ಎಂದ. ಈಗ ಚೌಡಯ್ಯನವರು ಮೇಲೆ ಬೀಳುತ್ತಾರೆಂದು ಕೋರ್ಟೆಲ್ಲ ಕಾಯುತ್ತಿತ್ತು. "ಇನ್ನು ನನ್ನ ಪ್ರಶ್ನೆ ಇಲ್ಲ" ಎಂದು ಅವರು ಕೂತುಬಿಟ್ಟರು.

ಮುನ್ಸೀಫರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾರು ಒಡೆದರು ಅನ್ನುವುದು ಮುಗಿಯಿತು. ನೀರಿನ ಹಕ್ಕಿನ ಪ್ರಶ್ನೆ ಹಾಗೇ ಇದೆ. ಮಧ್ಯಾಹ್ನದವರೆಗೆ ಎರಡು ಕಡೆಯವರೂ ಹೊರಗೆ ಮಾತಾಡಿಕೊಂಡು ಬನ್ನಿ."

ಅಂಗಳದಲ್ಲಿ ಇಬ್ಬರು ವಕೀಲರೂ ಒಂದು ಕಡೆ ನಿಂತು ಕಾದರು. ಯಾರೂ ಯಾರಿಗೂ ಹೇಳಿಕೊಡಲು ಹೋಗಲಿಲ್ಲ. ಲಕ್ಕಮ್ಮ ತಮ್ಮನ ತೋಳು ಹಿಡಿದು ನಿಂತಿದ್ದಳು. ಕದರಪ್ಪ ದೂರದಲ್ಲೇ ನಿಂತಿದ್ದವನು ಮೆಲ್ಲಗೆ ಹತ್ತಿರ ಬಂದ. ಬೈಯುತ್ತಾನೆ ಎಂದುಕೊಂಡರು ಎಲ್ಲರೂ. ಅವನು ರಂಗಪ್ಪನ ಮುಂದೆ ಬಂದು ನಿಂತ.

"ನಾನು ಕಾಲ್ವೆ ಮುಚ್ಚಿದ್ದು ನೀರಿನ ಆಸೆಗಲ್ಲ ಕಣ್ಲಾ ರಂಗ. ಮಾಡ್ದೇ ಇದ್ದ ಕೆಲ್ಸಕ್ಕೆ ಕಳ್ಳ ಅನ್ನಿಸ್ಕೊಂಡೆ. ಅನ್ನಿಸ್ಕೊಂಡ ಮ್ಯಾಲೆ ಮಾಡೇಬುಡಾನ ಅಂತ ನೇಗ್ಲು ಹೊಡ್ದೆ. ಊರೋರು ಹೋಗ್ಲಿ. ನನ್ ಮಗ್ಳು ಹಬ್ಬಕ್ಕೆ ಬಂದೋಳು ಕೇಳಿದ್ಲು, ಯಾಕಪ್ಪಾ ಒಡ್ದೆ ಅಂತ. ಇಲ್ಲ ಕಣವ್ವ ಅಂದ್ರೆ ನಂಬ್ಲಿಲ್ಲ. ಆವತ್ತಿಂದ ಮನೆಗೇ ಬಂದಿಲ್ಲ."

ರಂಗಪ್ಪ ಅಕ್ಕನ ಕೈ ಬಿಡಿಸಿಕೊಂಡ.

"ಎಲ್ಲಿಗೆ ಕೊಟ್ಟಿದೀಯ ಅವ್ಳನ್ನ?"

"ಸಿರಾ ಹತ್ರ, ಬುಕ್ಕಾಪಟ್ಟಣಕ್ಕೆ."

"ನೀರು ಆಮ್ಯಾಕೆ. ಒಳಗೆ ನನ್ ಹೇಳಿಕೆಗೆ ಹೆಬ್ಬೆಟ್ಟು ಒತ್ಬುಟ್ಟು ಬಂದೇಟ್ಗೆ ಸಿರಾ ಬಸ್ಸು ಹತ್ತಾನ ನಡಿ. ಅವ್ಳ ಮುಂದೆ ನಾನೇ ಹೇಳ್ತೀನಿ."